ಅರೆಮಂಡಿಯಲ್ಲಿ ತೆಗೆದ ಅಳತೆ

ಭರತನಾಟ್ಯದ ಕಾಸ್ಟ್ಯೂಮಿಗೆ ಅಳತೆ ಕೊಡಲು ಬಂದ ಹುಡುಗಿಯನ್ನು ಕೈ ಇಳಿಬಿಟ್ಟು ನೆಟ್ಟಗೆ ನಿಲ್ಲಿಸಿದರೆ, ಟೇಪು ತೋರಿಸುವ ಅಂಕಿಗಳಲ್ಲಿ ಅರ್ಧ ಕೆಲಸಕ್ಕೆ ಬಾರವು. ಎದೆ, ಸೊಂಟ, ತೋಳಿನ ಸುತ್ತಳತೆ ಎಲ್ಲ ಸರಿಯಾಗಿಯೇ ಸಿಗುತ್ತದೆ. ಆದರೆ ಆಕೆ ಹಾಗೆ ನೆಟ್ಟಗಿರುವುದು ಪರದೆಯ ಬದಿಯಿಂದ ನಡೆದು ಬರುವಷ್ಟು ಹೊತ್ತು ಮಾತ್ರ. ಆಮೇಲೆ ಮಂಡಿ ಬಾಗುತ್ತದೆ, ತೊಡೆ ಹೊರಕ್ಕೆ ತಿರುಗುತ್ತದೆ (ಈ ಅರ್ಧ ಕೂತ ಭಂಗಿಯೇ ಅರೆಮಂಡಿ), ತೋಳು ಭುಜದ ಮಟ್ಟಕ್ಕೆ ಏರುತ್ತದೆ. ಕಾರ್ಯಕ್ರಮದ ದೊಡ್ಡ ನೃತ್ಯಬಂಧವಾದ ವರ್ಣವೊಂದಕ್ಕೇ ಅರ್ಧ ಗಂಟೆಗೂ ಹೆಚ್ಚು ಹೊತ್ತು ಬೇಕು. ಅಷ್ಟು ಹೊತ್ತು ಬಟ್ಟೆ ಆ ಬಾಗಿದ ಮೈಯ ಮೇಲೆ ಸರಿಯಾಗಿ ಕೂತಿರಬೇಕು.

ವರ್ಷಗಟ್ಟಲೆ ಕುಣಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕಂಕುಳಲ್ಲಿ ರವಿಕೆ ಹಿಡಿದದ್ದು, ನಾಟಡವಿನಲ್ಲಿ (ಅಡವು ಎಂದರೆ ನೃತ್ಯದ ಮೂಲ ಹೆಜ್ಜೆ) ಕಾಲು ಚಾಚಿದಾಗ ಪೈಜಾಮ ಎಳೆದದ್ದು, ಕೊನೆಯಲ್ಲಿ ಬರುವ ತಿಲ್ಲಾನದ ಹೊತ್ತಿಗೆ ಸೊಂಟದ ಹುಕ್ಕು ಬಿಟ್ಟುಕೊಂಡದ್ದು ಅವರ ಮೈಗೆ ನೆನಪಿರುತ್ತದೆ. ವೇದಿಕೆ ಬಿಟ್ಟು ಹೊಲಿಗೆ ಯಂತ್ರದ ಮುಂದೆ ಕೂರುವ ನರ್ತಕಿಯ ಬಂಡವಾಳ ಈ ನೆನಪೇ. ಕತ್ತರಿ, ಸೂಜಿಯ ಕೆಲಸವನ್ನು ಒಂದೆರಡು ವರ್ಷದಲ್ಲಿ ಕಲಿಯಬಹುದು. ಆ ನೆನಪು ಬರಲು ಹತ್ತು ವರ್ಷ ಅಡವು ಹಾಕಿರಬೇಕು.

ಇಂಥ ದಾಟುವಿಕೆ ನಮ್ಮ ಉತ್ತರ ಕನ್ನಡ ಜಿಲ್ಲೆಗೆ ಹೊಸದೇನೂ ಅಲ್ಲ. ಹೊನ್ನಾವರ, ಕುಮಟಾ, ಸಿದ್ದಾಪುರದ ಕಡೆ ಯಕ್ಷಗಾನದ ಚೌಕಿಗೆ, ಅಂದರೆ ಬಣ್ಣದ ಮನೆಗೆ, ಒಮ್ಮೆ ಹೋಗಿ ಕೂತರೆ ಸಾಕು. ವೇಷಧಾರಿ ಕನ್ನಡಿ ಹಿಡಿದು ತನ್ನ ಮುಖದ ಬಣ್ಣವನ್ನು ತಾನೇ ಬರೆದುಕೊಳ್ಳುತ್ತಾನೆ. ಮುಂಡಾಸು ಅವನ ತಲೆಯ ಮೇಲೆಯೇ ಸುತ್ತು ಸುತ್ತಾಗಿ ಬೆಳೆಯುತ್ತದೆ. ಎಷ್ಟು ಬಿಗಿ ಕಟ್ಟಿದರೆ ತಲೆನೋವು, ಎಷ್ಟು ಸಡಿಲಾದರೆ ಗಿರಗಿರನೆ ತಿರುಗುವ ಧೀಂಗಿಣದ ಸುತ್ತಿಗೆ ಓರೆ ಎಂಬುದು ಕುಣಿಯುವವನಿಗೇ ಗೊತ್ತು. ಅಂಕೋಲೆಯ ಕಡೆ ಹಾಲಕ್ಕಿ ಸಮುದಾಯದವರ ಸುಗ್ಗಿ ಕುಣಿತದಲ್ಲೂ ತಲೆಯ ಮೇಲಿನ ತುರಾಯಿ ಕುಣಿಯುವ ಲಯಕ್ಕೆ ತೊನೆಯಬೇಕು, ಉದುರಬಾರದು. ಕುಣಿತಕ್ಕೂ ಕಟ್ಟುವುದಕ್ಕೂ ನಡುವೆ ಗೋಡೆ ಎದ್ದದ್ದು ಸಿದ್ಧ ಉಡುಪು ಪೇಟೆಯಿಂದ ಬರತೊಡಗಿದ ಮೇಲೆ.

ಭರತನಾಟ್ಯದ ಇಂದಿನ ಉಡುಪನ್ನು ರೂಪಿಸಿದ್ದರಲ್ಲೂ ನರ್ತಕಿಯೊಬ್ಬರ ದೊಡ್ಡ ಪಾಲಿದೆ. ರುಕ್ಮಿಣಿ ದೇವಿ ಅರುಂಡೇಲ್ 1935ರಲ್ಲಿ ಮದರಾಸಿನ ಅಡಯಾರಿನಲ್ಲಿ ಮೊದಲ ಬಾರಿ ಸಭೆಯ ಮುಂದೆ ನರ್ತಿಸಿದರು, 1936ರಲ್ಲಿ ಕಲಾಕ್ಷೇತ್ರ ಎಂಬ ಕಲಾಶಾಲೆಯನ್ನು ಕಟ್ಟಿದರು. ಅಲ್ಲಿಯವರೆಗೆ ಸದಿರ್ (ಭರತನಾಟ್ಯದ ಹಿಂದಿನ ರೂಪ) ನರ್ತಕಿಯರು ಪೈಜಾಮದ ಮೇಲೆ ಸೀರೆ ಸುತ್ತಿ ಮುಂದೆ ನೆರಿಗೆ ಬಿಡುತ್ತಿದ್ದರು. ಇಟಲಿಯ ಹೊಲಿಗೆಗಾರ್ತಿ ಮೇಡಂ ಕಜಾನ್ ಅವರ ನೆರವು ಪಡೆದು ರುಕ್ಮಿಣಿ ದೇವಿ ಹೊಸ ಮಾದರಿಗಳನ್ನು ಹೊಲಿಸಿದರು, ದೇವಾಲಯದ ಶಿಲ್ಪಗಳನ್ನು ನೋಡಿ ತಿದ್ದಿದರು. ಬೇಕಾದ ಸೀರೆ ಪೇಟೆಯಲ್ಲಿ ಸಿಗದಾದಾಗ ಕಲಾಕ್ಷೇತ್ರದಲ್ಲೇ ಮಗ್ಗ ಹೂಡಿಸಿದರು. ಅಂಚು ಎಷ್ಟು ಅಗಲವಿರಬೇಕು, ಬಣ್ಣ ಯಾವುದಿರಬೇಕು ಎಂಬ ನಿರ್ಧಾರ ಕುಣಿಯುವ ಕಣ್ಣಿನಿಂದಲೇ ಬಂತು.

ಕಾಸ್ಟ್ಯೂಮ್ ಹೊಲಿಯುವ ಕೆಲಸ ಶುರುವಾಗಬೇಕಾದ್ದು ಹೊಸ ಸೀರೆ ಕತ್ತರಿಸುವುದರಿಂದ ಅಲ್ಲ, ಹಳೆಯದನ್ನು ಬಿಚ್ಚುವುದರಿಂದ. ಚೆನ್ನಾಗಿ ಕೂರುತ್ತಿದ್ದ, ಈಗ ಜೀರ್ಣವಾದ ಕಾಸ್ಟ್ಯೂಮ್ ಒಂದನ್ನು ಆರಿಸಿಕೊಂಡು ಹೊಲಿಗೆ ಹೊಲಿಗೆಯಾಗಿ ಬಿಡಿಸಬೇಕು. ಪ್ರತಿ ತುಂಡನ್ನೂ ಇಸ್ತ್ರಿ ಮಾಡಿ ಕಂದು ಕಾಗದದ ಮೇಲಿಟ್ಟು ಗೆರೆ ಎಳೆದುಕೊಳ್ಳಬೇಕು. ಬಟ್ಟೆ ಎಲ್ಲಿ ಸವೆದಿದೆ, ಎಲ್ಲಿ ಬೆವರಿಗೆ ಬಣ್ಣ ಬಿಟ್ಟಿದೆ, ಎಲ್ಲಿ ಹೊಲಿಗೆ ಎರಡೆರಡು ಸಲ ಬಿದ್ದಿದೆ ಎಂದು ಕಾಗದದಲ್ಲೇ ಗುರುತು ಹಾಕಬೇಕು. ಎರಡು ಸಲ ಹೊಲಿಗೆ ಬಿದ್ದ ಜಾಗದಲ್ಲೇ ಮೊದಲು ಹೊಲಿದವರ ಲೆಕ್ಕ ತಪ್ಪಿರುತ್ತದೆ. ಇಂಥ ಮೂರು ನಾಲ್ಕು ಉಡುಪು ಬಿಚ್ಚಿದ ಮೇಲೆ ಅಗ್ಗದ ಕೋರಾ ಬಟ್ಟೆಯಲ್ಲಿ ಒಂದು ಪೂರ್ತಿ ಜೊತೆ ಹೊಲಿದು, ಅದನ್ನು ಹಾಕಿಕೊಂಡು ಕಾರ್ಯಕ್ರಮದ ಮೊದಲ ನೃತ್ಯವಾದ ಅಲಾರಿಪಿನಿಂದ ಅದರ ನಂತರದ ಜತಿಸ್ವರದವರೆಗಾದರೂ ಕುಣಿದು ನೋಡಬೇಕು. ರೇಷ್ಮೆಗೆ ಕತ್ತರಿ ಹಾಕುವುದು ಅದಾದ ಮೇಲೆ.

ಸೀರೆ ಆರಿಸುವಾಗ ಎರಡೂ ಬದಿಗೆ ಅಂಚಿರುವುದನ್ನೇ ನೋಡಬೇಕು. 4ರಿಂದ 5 ಅಂಗುಲದ ಅಂಚು ಸಾಕು. ಅದಕ್ಕಿಂತ ದೊಡ್ಡದಾದರೆ ಕುಳ್ಳಗಿನ ಹುಡುಗಿಯ ಕಾಲು ಇನ್ನೂ ಮೋಟಾಗಿ ಕಾಣುತ್ತದೆ. ಮೈಯಲ್ಲಿ ದೊಡ್ಡ ಬುಟ್ಟಾ ಬೇಡ. ನೆರಿಗೆಯಲ್ಲಿ ಅರ್ಧ ನವಿಲು, ಕಾಲು ಮಾವು ಕಂಡು ಕಣ್ಣಿಗೆ ಕಿರಿಕಿರಿ. ಸಾದಾ ಮೈ ಅಥವಾ ಸಣ್ಣ ಚೌಕುಳಿ ಚೆಂದ. ಇಳಕಲ್ ಸೀರೆಯಲ್ಲಿ ಹೊಲಿಸುವ ಆಸೆ ಹಲವರಿಗಿದೆ, ಒಳ್ಳೆಯ ಆಸೆ. ಅದರ ಸೆರಗನ್ನೂ ಮೈಯನ್ನೂ ಕೊಂಡಿ ಹಾಕಿ ಕೂಡಿಸಿರುತ್ತಾರೆ. ಆ ಕೂಡು ಎಳೆತ ಬೀಳುವ ಜಾಗಕ್ಕೆ, ಅಂದರೆ ತೊಡೆಯ ಸಂದಿಗೋ ಸೊಂಟಪಟ್ಟಿಯ ಬುಡಕ್ಕೋ ಬರದಂತೆ ಕತ್ತರಿಸಬೇಕು.

ಜರಿ ಎಂಥದ್ದೆಂದು ತಿಳಿಯಲು ಅಂಚಿನ ತುದಿಯಿಂದ ಒಂದೇ ಎಳೆ ಕಿತ್ತು ಬೆಂಕಿಗೆ ಹಿಡಿಯಿರಿ. ಕರಗಿ ಮಣಿಯಂತೆ ಉಂಡೆಗಟ್ಟಿದರೆ ಪ್ಲಾಸ್ಟಿಕ್ ಜರಿ. ಅದರ ಮೇಲೆ ಬಿಸಿ ಇಸ್ತ್ರಿ ಇಟ್ಟರೆ ಅಂಚು ಮುರುಟುತ್ತದೆ, ಮುರುಟಿದ್ದನ್ನು ಮತ್ತೆ ಸರಿಪಡಿಸಲಾಗದು. ಬಣ್ಣ ಬಿಡುತ್ತದೆಯೇ ಎಂದು ನೋಡಲು ಒದ್ದೆ ಬಿಳಿ ಬಟ್ಟೆಯನ್ನು ಮೂಲೆಯ ಮೇಲಿಟ್ಟು ಇಸ್ತ್ರಿ ಒತ್ತಬೇಕು. ಕಡುಗೆಂಪು ಮತ್ತು ಮಯೂರ ನೀಲಿಯ ಸೀರೆಗಳಿಗೆ ಈ ಪರೀಕ್ಷೆಯನ್ನು ಬಿಡಲೇಬಾರದು. ಬೆವರು ಮಾಡುವ ಕೆಲಸವನ್ನೇ ಆ ಒದ್ದೆ ಬಟ್ಟೆಯೂ ಮಾಡುತ್ತದೆ.

ದೊಡ್ಡವರ ಕಾಸ್ಟ್ಯೂಮಿಗೆ 5.5 ಮೀಟರಿನ ಒಂದು ಸೀರೆಯ ಹಂಚಿಕೆ ಸುಮಾರಾಗಿ ಹೀಗೆ: ಎರಡು ಕಾಲಿಗೆ 2.4 ಮೀಟರ್, ಫ್ಯಾನಿಗೆ, ಅಂದರೆ ಕಾಲುಗಳ ನಡುವೆ ಬೀಸಣಿಗೆಯಂತೆ ಅರಳುವ ಮುಂದಿನ ನೆರಿಗೆಗೆ, 1.5, ಎದೆಯ ಮೇಲೆ ಹಾಯುವ ದಾವಣಿಗೆ ಸೆರಗಿನ ಕಡೆಯಿಂದ 1.4. ಹಿಂದಿನ ಸೀಟಿನ ತುಂಡು ಮತ್ತು ಸೊಂಟದ ಮೇಲಿನ ಕಿರುನೆರಿಗೆಗೆ ಫ್ಯಾನಿನ ಮೇಲ್ಭಾಗದಲ್ಲಿ ಉಳಿಯುವ ಪಟ್ಟಿ ಒದಗುತ್ತದೆ. ಸೀರೆಯ ಪನ್ನ (ಅಗಲ) 46 ಅಂಗುಲ, ಫ್ಯಾನಿಗೆ ಬೇಕಾದ ಉದ್ದ 28 ಅಂಗುಲ ಅಂತಿಟ್ಟುಕೊಂಡರೆ 18 ಅಂಗುಲದ, ಇನ್ನೊಂದು ಅಂಚೂ ಇರುವ ಪಟ್ಟಿ ಮಿಗುತ್ತದೆ. ರವಿಕೆಗೆ ಬೇರೆ ಕಣ. ಮೊದಲು ಕತ್ತರಿಸಬೇಕಾದ್ದು ಫ್ಯಾನು. ಕಾಲು ಕತ್ತರಿಸಿ ಆಮೇಲೆ ಉಳಿದದ್ದರಲ್ಲಿ ಫ್ಯಾನು ಹೊಂದಿಸಲು ಹೋದವರ ಉಡುಪು ದೂರದಿಂದಲೇ ಗೊತ್ತಾಗುತ್ತದೆ, ಅರೆಮಂಡಿಯಲ್ಲಿ ಫ್ಯಾನು ಅರ್ಧ ಬಿಚ್ಚಿ ನಿಂತಿರುತ್ತದೆ.

ಅಳತೆಗೆ ಬರುವಾಗ ಗೆಜ್ಜೆ ತರಲು ಹೇಳಬೇಕು. ಗೆಜ್ಜೆ ಕಟ್ಟಿಕೊಂಡು ಅರೆಮಂಡಿಯಲ್ಲಿ ಕೂತಾಗ ಸೊಂಟದಿಂದ ಮಂಡಿಯ ಹೊರಬದಿಯ ಮೇಲೆ ಹಾಯ್ದು ಗೆಜ್ಜೆಯ ಮೇಲಿನ ಸಾಲಿನವರೆಗೆ ಟೇಪು ಇಳಿಸಿ, ಅದರಲ್ಲಿ ಒಂದು ಅಂಗುಲ ಕಳೆದರೆ ಪೈಜಾಮದ ಉದ್ದ. ನಿಂತು ಅಳೆದರೆ ಇದು ಎರಡು ಅಂಗುಲದಷ್ಟು ಕಡಿಮೆ ಬರುತ್ತದೆ. ಹಾಗೆ ಹೊಲಿದ ಪೈಜಾಮ ಮಂಡಿ ಬಾಗಿದೊಡನೆ ಮೇಲೇರಿ ಮೀನಖಂಡ ತೋರಿಸುತ್ತದೆ. ಉದ್ದ ಹೆಚ್ಚಾದರೂ ಕಷ್ಟ, ಅಂಚಿನ ಜರಿ ಗೆಜ್ಜೆಯ ಸಂದಿಗೆ ಸಿಕ್ಕಿ ಹರಿಯುತ್ತದೆ. ಮುಂದಿನ ಸೊಂಟದಿಂದ ತೊಡೆಯ ಸಂದಿಯ ಮೂಲಕ ಹಿಂದಿನ ಸೊಂಟದವರೆಗಿನ ಅಳತೆಯನ್ನು ಪೂರ್ಣಮಂಡಿಯಲ್ಲಿ, ಅಂದರೆ ಪೂರ್ತಿ ಕುಕ್ಕರಗಾಲಿನಲ್ಲಿ ಕೂರಿಸಿ, ತೆಗೆಯಬೇಕು. ನಿಂತದ್ದಕ್ಕಿಂತ 3ರಿಂದ 4 ಅಂಗುಲ ಹೆಚ್ಚು ಬರುತ್ತದೆ, ಹೆಚ್ಚು ಬರುವುದೆಲ್ಲ ಹಿಂಭಾಗದಲ್ಲೇ. ಎರಡು ಕಾಲು ಸೇರುವಲ್ಲಿ 5 ಅಂಗುಲದ ಚೌಕದ ತುಂಡೊಂದನ್ನು ವಜ್ರದಾಕಾರಕ್ಕೆ ತಿರುಗಿಸಿ ಕೂರಿಸಿದರೆ ಎಳೆತ ನಾಲ್ಕು ಹೊಲಿಗೆಗಳಿಗೆ ಹಂಚಿಹೋಗುತ್ತದೆ. ಈ ತುಂಡು ಇಲ್ಲದ ಪೈಜಾಮ ಹರಿಯುವುದು ಸಾಮಾನ್ಯವಾಗಿ ಮಂಡಿ ಅಡವಿನಲ್ಲೇ, ಅದೂ ಸಭೆಯ ಎದುರಿನಲ್ಲೇ.

ಇನ್ನು ಫ್ಯಾನು. ಇಡೀ ಉಡುಪಿನಲ್ಲಿ ತಾಳ್ಮೆ ಬೇಡುವ ಭಾಗ ಇದು, ನೋಡುವವರ ಕಣ್ಣು ನಿಲ್ಲುವುದೂ ಇಲ್ಲೇ. 60 ಅಂಗುಲ ಅಗಲದ ತುಂಡಿನ ಮೇಲಿನ ಮತ್ತು ಕೆಳಗಿನ ಅಂಚುಗಳೆರಡರಲ್ಲೂ ಒಂದೂಕಾಲು ಅಂಗುಲಕ್ಕೊಂದರಂತೆ ಸೀಮೆಸುಣ್ಣದ ಗುರುತು ಹಾಕಿದರೆ 48 ಮಡಿಕೆ, ಅಂದರೆ 24 ನೆರಿಗೆ. ಕೆಳಗೆ ಮಾತ್ರ ಗುರುತಿಟ್ಟು ಮೇಲೆ ಕಣ್ಣಂದಾಜಿನಲ್ಲಿ ಮಡಚಿದರೆ ಹತ್ತನೇ ನೆರಿಗೆಯ ಹೊತ್ತಿಗೆ ಬಟ್ಟೆ ಓರೆಯಾಗುತ್ತದೆ. ಜರಿ ಅಂಚು ದಪ್ಪ, ಮೇಲಿನ ರೇಷ್ಮೆ ತೆಳು. ಹೀಗಾಗಿ ಒಂದೇ ಬಿಸಿಗೆ ಎರಡೂ ಕೂರುವುದಿಲ್ಲ. ಅಂಚಿನ ಮೇಲೆ ತೆಳು ಹತ್ತಿ ಬಟ್ಟೆ ಹಾಸಿ, ಸ್ವಲ್ಪ ತೇವ ಮಾಡಿ, ಇಸ್ತ್ರಿಯನ್ನು ಎಳೆದಾಡದೆ ಎತ್ತಿ ಎತ್ತಿ ಒತ್ತಬೇಕು. ಎಳೆದರೆ ಮಡಿಕೆಯ ಗೆರೆ ಎರಡಾಗುತ್ತದೆ, ಎರಡನೆಯ ಗೆರೆ ರೇಷ್ಮೆಯಿಂದ ಹೋಗುವುದೇ ಇಲ್ಲ.

ಒತ್ತಿದ ನೆರಿಗೆಗಳಿಗೆ ಮೇಲೆ, ನಡುವೆ, ಕೆಳಗೆ ಮೂರು ಸಾಲು ಕಚ್ಚಾ ಹೊಲಿಗೆ ಹಾಕಿ ಹಲಗೆಯ ಅಡಿಯಲ್ಲಿ ಒಂದು ರಾತ್ರಿ ಇಡಬೇಕು. ನೆರಿಗೆ ಗಟ್ಟಿಯಾಗುವುದು ಬಿಸಿಯಲ್ಲಿ ಅಲ್ಲ, ಬಟ್ಟೆ ತಣ್ಣಗಾಗುವಾಗ. ಬಿಸಿ ಆರುವ ಮೊದಲೇ ಎತ್ತಿ ನೇತುಹಾಕಿದರೆ ಅಷ್ಟು ಹೊತ್ತಿನ ಶ್ರಮ ನೀರಲ್ಲಿ ಹೋಮ. ಮರುದಿನ ಮೇಲ್ತುದಿಯ 24 ನೆರಿಗೆಗಳನ್ನು 5 ಅಂಗುಲದೊಳಗೆ ಒಂದರ ಮೇಲೊಂದು ಸರಿಸಿ ಸೊಂಟದ ಪಟ್ಟಿಗೆ ಹೊಲಿಯಬೇಕು. ಇಲ್ಲಿ ಬಟ್ಟೆಯ ದಪ್ಪ ಎಷ್ಟಾಗುತ್ತದೆಂದರೆ ರೇಷ್ಮೆಗೆ ಬಳಸುವ 11ನೇ ನಂಬರಿನ ಸೂಜಿ ಮುರಿಯುತ್ತದೆ. ಸೊಂಟಕ್ಕೆ ಮಾತ್ರ 16ರ ಸೂಜಿ ಹಾಕಿ, ಚಕ್ರವನ್ನು ಕೈಯಿಂದ ತಿರುಗಿಸುತ್ತ ಹೊಲಿಯುವುದು ಲೇಸು.

ಫ್ಯಾನಿನ ಗುಟ್ಟೆಲ್ಲ ಅದರ ಬೆನ್ನಿನಲ್ಲಿದೆ. ಹಿಂಬದಿಯಲ್ಲಿ ನೆರಿಗೆಯಿಂದ ನೆರಿಗೆಗೆ ದಾರದ ಸೇತುವೆಗಳನ್ನು ಕಟ್ಟಬೇಕು. ಸೊಂಟದಿಂದ 6 ಅಂಗುಲ ಕೆಳಗೆ ಮೊದಲ ಸಾಲು, ಅಲ್ಲಿ ನೆರಿಗೆಗಳ ನಡುವೆ ಕಾಲಂಗುಲ ದಾರ ಬಿಟ್ಟರೆ ಸಾಕು. ಇನ್ನೂ 7 ಅಂಗುಲ ಕೆಳಗೆ ಎರಡನೆಯದು, ಅಲ್ಲಿ ಮುಕ್ಕಾಲು ಅಂಗುಲ. ಅಂಚಿನ ಮೇಲ್ಗೆರೆಯಲ್ಲಿ ಮೂರನೆಯದು, ಅಲ್ಲಿ ಒಂದೂವರೆ ಅಂಗುಲದಷ್ಟು ಸಡಿಲ ಬೇಕು. ಕೆಳಗಿನ ಸಾಲನ್ನು ಬಿಗಿ ಮಾಡಿದರೆ ಫ್ಯಾನು ಅರಳದು. ಸಾಲೇ ಹಾಕದಿದ್ದರೆ ಹತ್ತು ನಿಮಿಷದ ಬೆವರಿಗೆ ನೆರಿಗೆಗಳು ಒಂದರೊಳಗೊಂದು ಸಿಕ್ಕಿ ಮುದ್ದೆಯಾಗುತ್ತವೆ. ಸರಿಯಾಗಿ ಕಟ್ಟಿದ ಫ್ಯಾನು ಅರೆಮಂಡಿಗೆ ಇಳಿಯುವಾಗ ನಡುವಿನಿಂದ ಎರಡೂ ಕಡೆಗೆ ಒಟ್ಟಿಗೇ ತೆರೆದುಕೊಂಡು, ಏಳುವಾಗ ಕೈ ಹಚ್ಚದೆ ಮಡಿಕೆಗೆ ಮರಳುತ್ತದೆ. ತಟ್ಟಡವಿನ ಮೂರೂ ಕಾಲದಲ್ಲಿ, ಅಂದರೆ ಮೂರೂ ವೇಗದಲ್ಲಿ, ಇದನ್ನು ನೋಡಬೇಕು. ಮೊದಲ ಕಾಲದಲ್ಲಿ ಚೆನ್ನಾಗಿ ಕಂಡದ್ದು ಮೂರನೆಯ ಕಾಲದಲ್ಲಿ ಹಿಂದೆ ಬೀಳುವುದುಂಟು.

ಫ್ಯಾನಿನ ಎರಡು ಬದಿಗಳನ್ನು ಕಾಲಿಗೆ ಕೂಡಿಸುವ ಜಾಗವನ್ನು ಮೇಜಿನ ಮೇಲೆ ನಿರ್ಧರಿಸಬಾರದು. ಪೈಜಾಮ ಹಾಕಿಸಿ, ಫ್ಯಾನನ್ನು ಸೊಂಟಕ್ಕೆ ಸಿಕ್ಕಿಸಿ, ಅರೆಮಂಡಿಯಲ್ಲಿ ಕೂರಿಸಿ ಗುಂಡುಪಿನ್ನಿನಿಂದ ಹಿಡಿದು ನೋಡಬೇಕು. ತೊಡೆಯ ನಡುವಿನಿಂದ ಮಂಡಿಯ ಒಳಬದಿಯವರೆಗೆ ಕೂಡಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಮಂಡಿಗಿಂತ ಕೆಳಗೆ ಇಳಿದರೆ ಕಾಲೆತ್ತುವಾಗ ಜಗ್ಗುತ್ತದೆ, ತೀರಾ ಮೇಲೆ ನಿಂತರೆ ಫ್ಯಾನು ಕಾಲಿನ ಜೊತೆ ಹೋಗದೆ ನಡುವೆಯೇ ತೂಗಾಡುತ್ತದೆ. ಪೂರ್ಣಮಂಡಿಗೆ ಇಳಿಸಿ ನೋಡಿದಾಗ ಕೆಳ ಅಂಚು ಹಿಮ್ಮಡಿಯ ಅಡಿಗೆ ಸಿಗಬಾರದು. ಸಿಕ್ಕರೆ ಏಳುವಾಗ ಮುಗ್ಗರಿಸುವುದು ಖಂಡಿತ.

ಎಷ್ಟೋ ಸಲ ಎರಡೂ ಬದಿ ಕರಾರುವಾಕ್ಕಾಗಿ ಹೊಲಿದಿದ್ದರೂ ಫ್ಯಾನು ಒಂದು ಕಡೆಗೆ ವಾಲುತ್ತದೆ. ದೋಷ ಬಟ್ಟೆಯದಲ್ಲ. ಹೆಚ್ಚಿನವರಿಗೆ ಒಂದು ತೊಡೆ ಇನ್ನೊಂದಕ್ಕಿಂತ ಹೆಚ್ಚು ಹೊರತಿರುಗುತ್ತದೆ, ಫ್ಯಾನು ಅದನ್ನು ಹಾಗೆಯೇ ತೋರಿಸುತ್ತದೆ. ಬಿಗಿ ಇರುವ ಬದಿಯ ಹೊಲಿಗೆಯನ್ನು ಅರ್ಧ ಅಂಗುಲ ಮೇಲಕ್ಕೆ ತಂದರೆ ವಾಲಿದ್ದು ಮರೆಯಾಗುತ್ತದೆ. ಇನ್ನೂ ಕಲಿಯುತ್ತಿರುವ ಮಗುವಿಗೆ ಹೀಗೆ ಮಾಡಬಾರದು ಎಂಬುದು ನಮ್ಮ ಗಟ್ಟಿ ಅಭಿಪ್ರಾಯ. ಅದನ್ನು ಗುರುಗಳ ಗಮನಕ್ಕೆ ತರಬೇಕು. ತಿದ್ದಬೇಕಾದದ್ದು ಅರೆಮಂಡಿಯನ್ನು, ಅದು ತರಗತಿಯಲ್ಲಿ ಆಗುವ ಕೆಲಸ. ರಂಗಪ್ರವೇಶಕ್ಕೆ ಎರಡು ವಾರ ಉಳಿದಿರುವವರ ಮಾತು ಬೇರೆ.

ರವಿಕೆಯ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ತಪ್ಪು ಮಾತ್ರ ಎಲ್ಲರೂ ಮಾಡುತ್ತಾರೆ. ತೋಳು ಸಲೀಸಾಗಿ ಆಡಲಿ ಎಂದು ಕಂಕುಳನ್ನು ಆಳವಾಗಿ ಕತ್ತರಿಸುತ್ತಾರೆ. ಆಗುವುದು ತದ್ವಿರುದ್ಧ. ಕಂಕುಳು ಕೆಳಗಿಳಿದಷ್ಟೂ ತೋಳಿನ ಜೊತೆ ಇಡೀ ರವಿಕೆ ಏಳುತ್ತದೆ. ಕಂಕುಳು ಮೇಲೆಯೇ ಇರಬೇಕು, ಅಲ್ಲಿ 3 ಅಂಗುಲದ ಚೌಕದ ತುಂಡು ಸೇರಿಸಬೇಕು. ನೃತ್ಯ ಶುರುಮಾಡುವ ಭಂಗಿಯಾದ ನಾಟ್ಯಾರಂಭೆಯಲ್ಲಿ ತೋಳು ಚಾಚಿದಾಗ ಕೆಳ ಅಂಚು ಕದಲದಿದ್ದರೆ ಕತ್ತರಿ ಸರಿಬಿದ್ದಿದೆ ಎಂದರ್ಥ. ಹುಕ್ಕುಗಳನ್ನು ಒಂದು ಬಲಕ್ಕೆ, ಒಂದು ಎಡಕ್ಕೆ ಮುಖ ಮಾಡಿ ಹಚ್ಚಿದರೆ ಏದುಸಿರಿಗೆ ಎದೆ ಉಬ್ಬಿದಾಗ ಒಟ್ಟಿಗೆ ಕಳಚಿಕೊಳ್ಳುವುದಿಲ್ಲ. ಲೈನಿಂಗಿನ ಹತ್ತಿ ಬಟ್ಟೆಯನ್ನು ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸಿಯೇ ಕತ್ತರಿಸಬೇಕು. ಇಲ್ಲವಾದರೆ ಮೊದಲ ಕಾರ್ಯಕ್ರಮದ ಬೆವರಿಗೇ ಒಳಬಟ್ಟೆ ಕುಗ್ಗಿ ಮೇಲಿನ ರೇಷ್ಮೆ ಸುಕ್ಕುಗಟ್ಟುತ್ತದೆ.

ಎಂಟು ಹತ್ತು ಜನರ ಗುಂಪಿಗೆ ಹೊಲಿಯುವಾಗ ಎಲ್ಲರ ಫ್ಯಾನಿನ ಉದ್ದ ಒಂದೇ ಇರಬೇಕೆಂದು ಹಟ ಹಿಡಿಯುವುದು ಬೇಡ. ನೆಲದಿಂದ ಫ್ಯಾನಿನ ಅಂಚಿನವರೆಗಿನ ಎತ್ತರ ಒಂದೇ ಇರಲಿ. ಸಾಲಾಗಿ ನಿಂತಾಗ ಕಣ್ಣು ಓದುವುದು ಆ ಗೆರೆಯನ್ನು.

ಬೆಳಕಿನ ಮಾತೂ ಇದೆ. ಯಕ್ಷಗಾನದ ಮರದ ಆಭರಣಗಳಿಗೆ ಬೇಗಡೆ ಅಂಟಿಸಿ ಕನ್ನಡಿಯ ಚೂರು ಕೂರಿಸಿದ್ದು ದೊಂದಿಯ ಮಂದ ಬೆಳಕಿನಲ್ಲೂ ವೇಷ ಮಿನುಗಲಿ ಎಂದು. ಈಗಿನ ಎಲ್‌ಇಡಿ ದೀಪದ ಬಿಳುಪಿನಲ್ಲಿ ಅಗ್ಗದ ಜರಿ ಬೆಳ್ಳಗೆ ಹೊಡೆಯುತ್ತದೆ, ಹೆಚ್ಚು ಹೊಳಪು ಹಾಕಿದಷ್ಟೂ ಮುಖ ಮಂಕಾಗುತ್ತದೆ. ಕೆಂಪು ದೀಪದ ಅಡಿಯಲ್ಲಿ ಹಸಿರು ಸೀರೆ ಕಪ್ಪಾಗುತ್ತದೆ, ನೀಲಿ ದೀಪದಲ್ಲಿ ಕೆಂಪು ಕಪ್ಪಾಗುತ್ತದೆ. ಕಾರವಾರದ ಕಡಲದಂಡೆಯ ಬಯಲು ವೇದಿಕೆಯಲ್ಲಿ ಇದರ ಜೊತೆಗೆ ಗಾಳಿಯೂ ಸೇರುತ್ತದೆ. ದಾವಣಿಯನ್ನು ಭುಜದಲ್ಲಿ ಒಂದೇ ಪಿನ್ನಿಗೆ ಒಪ್ಪಿಸದೆ ಸೊಂಟದ ಹಿಂದೆ ಎರಡು ಹುಕ್ಕಿಗೂ ಸಿಕ್ಕಿಸಬೇಕು.

ಹೊಲಿದದ್ದನ್ನು ಉಳಿಸಿಕೊಳ್ಳುವುದು ನಮ್ಮ ಊರುಗಳಲ್ಲಿ ಹೊಲಿಯುವಷ್ಟೇ ದೊಡ್ಡ ಕೆಲಸ. ಶಿರಸಿಯ ಮಳೆಗಾಲದಲ್ಲಿ ಕಪಾಟಿನೊಳಗಿನ ರೇಷ್ಮೆಗೂ ಬೂಷ್ಟು ಹಿಡಿಯುತ್ತದೆ. ಕರಾವಳಿಯಲ್ಲಿ ಉಪ್ಪು ಗಾಳಿಗೆ ಹುಕ್ಕುಗಳು ತುಕ್ಕು ಹಿಡಿದು, ಆ ಕಂದು ಕಲೆ ರೇಷ್ಮೆಗೆ ಇಳಿಯುತ್ತದೆ. ಹಾಗಾಗಿ ಹಿತ್ತಾಳೆಯ ಹುಕ್ಕನ್ನೇ ಹಾಕುವುದು ಒಳ್ಳೆಯದು. ಕಾರ್ಯಕ್ರಮ ಮುಗಿದ ರಾತ್ರಿ ಎಷ್ಟೇ ದಣಿವಾಗಿದ್ದರೂ ಉಡುಪನ್ನು ಒಳಮೈ ಹೊರಗೆ ಮಾಡಿ ಗಾಳಿಯಾಡುವ ಕಡೆ ನೇತುಹಾಕಬೇಕು. ಬೆವರು ಆರದ ಬಟ್ಟೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ತುರುಕಿದರೆ ಜರಿ ಒಂದೇ ರಾತ್ರಿಯಲ್ಲಿ ಮಂಕಾಗತೊಡಗುತ್ತದೆ. ಅತ್ತರು, ಸೆಂಟು ಜರಿಗೆ ತಾಗಕೂಡದು. ನುಸಿಗುಳಿಗೆಯನ್ನೂ ಬಟ್ಟೆಗೆ ತಾಗಿಸದೆ ಪ್ರತ್ಯೇಕ ಗಂಟಿನಲ್ಲಿಡಬೇಕು. ಮಳೆಗಾಲದಲ್ಲಿ ಅಡಿಕೆ ಒಣಗುವ ಬೆಚ್ಚಗಿನ ಅಟ್ಟ ನೆನಪಾಗುವುದು ಸಹಜ, ಆದರೆ ಹೊಗೆಯ ವಾಸನೆಯೂ ಮಸಿಯೂ ರೇಷ್ಮೆಗೆ ಹತ್ತಿದರೆ ಬಿಡುವುದಿಲ್ಲ.

ರವಿಕೆ, ಪೈಜಾಮದ ಬೆವರುಗಲೆಗೆ ಅಂಟುವಾಳದ ತಿಳಿನೀರು ಸಾಕು, ತಣ್ಣೀರಿನಲ್ಲಿ ಅದ್ದಿ ತೆಗೆದು ನೆರಳಲ್ಲಿ ಒಣಗಿಸಬೇಕು. ಫ್ಯಾನಿಗೆ ಮಾತ್ರ ನೀರು ಸೋಕಿಸಬಾರದು, ಒಂದೇ ಸಲಕ್ಕೆ 24 ನೆರಿಗೆಯೂ ಸಡಿಲಾಗುತ್ತದೆ. ಹೀಗೆ ಬೇರೆ ಬೇರೆ ಆರೈಕೆ ಬೇಕಾಗುವುದರಿಂದಲೇ ಫ್ಯಾನನ್ನು ಕಾಲಿಗೆ ಕೂಡಿಸುವ ಹೊಲಿಗೆ ಕೈಹೊಲಿಗೆಯಾಗಿರಲಿ. ಬಿಚ್ಚಲು ಹತ್ತು ನಿಮಿಷ, ಮತ್ತೆ ಹಾಕಲು ಅರ್ಧ ಗಂಟೆ. ಪಾದಕ್ಕೆ ಹಚ್ಚುವ ಅಲ್ತಾದ ಕೆಂಪು ಹತ್ತುವುದು ಪೈಜಾಮದ ಕೆಳ ಅಂಚಿನ ಒಳಮೈಗೆ. ಅಲ್ಲಿ ಎರಡು ಅಂಗುಲದ ಹತ್ತಿ ಪಟ್ಟಿ ಹಚ್ಚಿದ್ದರೆ ಅದೊಂದನ್ನೇ ಬದಲಿಸಬಹುದು.

ಮಕ್ಕಳ ಉಡುಪಿನ ಬದಿಹೊಲಿಗೆಗಳಲ್ಲಿ ಎರಡೆರಡು ಅಂಗುಲ ಒಳಗೆ ಬಿಟ್ಟಿರಬೇಕು, ಪೈಜಾಮದ ಸೊಂಟದಲ್ಲಿ ಮೂರು. ನೃತ್ಯದ ಜೂನಿಯರ್ ಪರೀಕ್ಷೆಗೆ ಹೊಲಿಸಿದ್ದು ಸೀನಿಯರ್ ಪರೀಕ್ಷೆಯವರೆಗೂ ಬರಲಿ ಎಂಬ ತಾಯಂದಿರ ಆಸೆ ನ್ಯಾಯವಾದದ್ದೇ. ಒಂದು ಎಚ್ಚರಿಕೆ: ರೇಷ್ಮೆಯಲ್ಲಿ ಹಳೆಯ ಹೊಲಿಗೆಯ ಸೂಜಿತೂತುಗಳು ಚುಕ್ಕಿಸಾಲಾಗಿ ಉಳಿಯುತ್ತವೆ. ಮೊದಲ ಹೊಲಿಗೆಯನ್ನೇ ತೆಳು ಸೂಜಿಯಲ್ಲಿ, ಸ್ವಲ್ಪ ಅಗಲವಾದ ಹೆಜ್ಜೆಯಲ್ಲಿ ಹಾಕಿದ್ದರೆ ತೂತು ಸಣ್ಣದಾಗಿರುತ್ತದೆ. ಬಿಡಿಸಿದ ಮೇಲೆ ಒಳಬದಿಯಿಂದ ಒದ್ದೆ ಬಟ್ಟೆ ಒತ್ತಿ, ಉಗುರಿನ ಬೆನ್ನಿನಿಂದ ಅಡ್ಡಕ್ಕೂ ಉದ್ದಕ್ಕೂ ಮೆಲ್ಲಗೆ ಉಜ್ಜಿದರೆ ಎಳೆಗಳು ಸರಿದು ಬಹುಪಾಲು ಮುಚ್ಚಿಕೊಳ್ಳುತ್ತವೆ. ಉಳಿದ ಚುಕ್ಕಿಗಳ ಮೇಲೆ ಬೆನ್ನಿನ ಕಡೆಯಾದರೆ ದಾವಣಿ ಬರುತ್ತದೆ, ಸೊಂಟದಲ್ಲಾದರೆ ಡಾಬು.